ಮಿಸ್ಟೇರ್ ಸ್ಟಾರ್‌ಫೈಟರ್‌ನ ಹೊಡೆದಿದ್ದು ಹೇಗೆ, ದೇವಯ್ಯನವರಿಗೆ ಪದಕ 23 ವರ್ಷ ತಡ ಆಗಿದ್ದು ಯಾಕೆ?

ಪ್ರಶ್ನೆ: ನಾನು ಹೈಸ್ಕೂಲ್ ಮೇಷ್ಟ್ರು. ಸೆಪ್ಟೆಂಬರ್ 7ಕ್ಕೆ, 1965ರ ಯುದ್ಧದಲ್ಲಿ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನ ಹೊಡೆದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ಬಗ್ಗೆ ಮಕ್ಕಳಿಗೆ ಹೇಳ್ಬೇಕು ಅಂತಿದೀನಿ. ಪ್ರಾಕ್ಟೀಸ್‌ಗೆ ಅಂತ ಕ್ಲಾಸಲ್ಲಿ ಹೇಳಿದಾಗ ಒಬ್ಬ ಹುಡುಗ ಎದ್ದು ನಿಂತು, ಸಾರ್ ಅವರ ಮಿಸ್ಟೇರ್ ವಿಮಾನ ಶಬ್ದದ ವೇಗಾನೂ ಮುಟ್ಟಲ್ಲ, ಸ್ಟಾರ್‌ಫೈಟರ್ ಅದರ ಎರಡರಷ್ಟು ಹೋಗುತ್ತೆ, ಮತ್ತೆ ಹೆಂಗ್ ಸಾರ್ ಹೊಡೆದ್ರು ಅಂದ. ನಂಗೆ ಉತ್ತರ ಹೊಳೀಲಿಲ್ಲ. ಅಷ್ಟು ದೊಡ್ಡ ಕೆಲಸ ಮಾಡಿದವರಿಗೆ ಮಹಾವೀರ ಚಕ್ರ ಬರೋಕೆ 23 ವರ್ಷ ಯಾಕ್ ಬೇಕಾಯ್ತು? ಪಾಕಿಸ್ತಾನದವರು ಬೇರೆ ಥರ ಹೇಳ್ತಾರಂತೆ, ಯಾವ್ದನ್ನ ನಂಬೋದು?

ಉತ್ತರ: ಮೇಷ್ಟ್ರೇ, ಮೊದ್ಲು ಆ ಹುಡುಗನಿಗೆ ನನ್ನ ಕಡೆಯಿಂದ ಒಂದು ಶಹಬ್ಬಾಸ್ ಹೇಳ್ಬಿಡಿ. ದೇವಯ್ಯನವರ ಬಗ್ಗೆ ಭಾಷಣ ನಾನು ಬೇಕಾದಷ್ಟು ಕೇಳಿದೀನಿ, ವೀರ ಶೂರ ಕೆಚ್ಚೆದೆ ಅಂತೆಲ್ಲಾ ಹೇಳ್ತಾರೆ, ಅವರು ಕೂತಿದ್ದ ವಿಮಾನ ಯಾವ್ದು, ಅದಕ್ಕೆ ಏನಾಗ್ತಿತ್ತು ಏನಾಗ್ತಿರ್ಲಿಲ್ಲ ಅಂತ ಒಬ್ರೂ ಹೇಳಲ್ಲ. ವಿಮಾನ ಬಿಟ್ಟು ಪೈಲಟ್ ಕಥೆ ಹೇಳೋದು ಅಂದ್ರೆ ಬ್ಯಾಟು ಬಾಲು ಪಿಚ್ಚು ಯಾವ್ದೂ ಹೇಳದೆ ಸೆಂಚುರಿ ಹೊಡೆದ ಅಂದಂಗೆ.

ನಾನು ಪೈಲಟ್ ಅಲ್ಲ, ಅದನ್ನ ಮೊದ್ಲೇ ಹೇಳ್ಬಿಡ್ತೀನಿ. ಏರ್‌ಫೋರ್ಸಲ್ಲಿ ಆರ್ಮಮೆಂಟ್ ಫಿಟ್ಟರ್ ಆಗಿದ್ದವನು, ಅಂದ್ರೆ ಗನ್ನು, ಗುಂಡು, ಬಾಂಬು ಇವುಗಳ ಕೆಲಸ. ನಾನು ಸೇರೋ ಹೊತ್ತಿಗೆ ಮಿಸ್ಟೇರ್ ಎಲ್ಲಾ ರಿಟೈರ್ ಆಗಿತ್ತು, 1973ಕ್ಕೇ ಮುಗೀತು ಅದು. ನನ್ನ ಕೈಗೆ ಸಿಕ್ಕಿದ್ದು ಅಜೀತ್, ನಮ್ಮ ನ್ಯಾಟ್ ಅನ್ನೋ ಪುಟ್ಟ ಫೈಟರ್ ವಿಮಾನದ ತಮ್ಮ ಅನ್ನಿ. ಆದ್ರೆ ಯುದ್ಧದ ವಿಮಾನಗಳ ವಿಷಯ ಓದೋದು, ಎರಡೂ ಕಡೆಯವರು ಬರ್ದಿದ್ದನ್ನ ಪಕ್ಕ ಪಕ್ಕ ಇಟ್ಕೊಂಡು ತಾಳೆ ನೋಡೋದು ಒಂದು ಚಟ ಆಗೋಗಿದೆ, ಆ ಧೈರ್ಯದ ಮೇಲೆ ಉತ್ತರ ಕೊಡ್ತಿದೀನಿ.

ಅವತ್ತು ಆಗಿದ್ದೇನು ಅಂತ ಮೊದ್ಲು ನೋಡೋಣ. 1965, ಸೆಪ್ಟೆಂಬರ್ 7, ಬೆಳಗಿನ ಜಾವ. ಪಂಜಾಬಿನ ಆದಂಪುರದಿಂದ ನಂಬರ್ 1 ಸ್ಕ್ವಾಡ್ರನ್, ಟೈಗರ್ಸ್ ಅಂತಾರಲ್ಲ ಅವರು, 12 ಮಿಸ್ಟೇರ್ ತಗೊಂಡು ಸರ್ಗೋಧಾ ಮೇಲೆ ದಾಳಿಗೆ ಹೊರಟ್ರು. ಸರ್ಗೋಧಾ ಅಂದ್ರೆ ಪಾಕಿಸ್ತಾನ ಏರ್‌ಫೋರ್ಸಿನ ಹೃದಯ, ಆದಂಪುರದಿಂದ ನೇರ ಗೆರೆ ಎಳೆದ್ರೆ ಸುಮಾರು 300 ಕಿಲೋಮೀಟರ್. ಲೀಡರ್ ವಿಂಗ್ ಕಮಾಂಡರ್ ಓ.ಪಿ. ತನೇಜಾ. ದೇವಯ್ಯನವರು ಆ 12ರಲ್ಲಿ ಇರ್ಲೇ ಇಲ್ಲ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ, ಅವರು ಸ್ಟ್ಯಾಂಡ್‌ಬೈ. ಯಾರಾದ್ರೂ ಒಬ್ರ ವಿಮಾನ ಕೈ ಕೊಟ್ರೆ ಆ ಜಾಗಕ್ಕೆ ಹೋಗ್ಬೇಕು, ಇಲ್ಲಾಂದ್ರೆ ವಾಪಸ್ ಬಂದು ಇಳೀಬೇಕು ಅಷ್ಟೆ. ಒಂದು ವಿಮಾನ ತಪ್ಪಿಹೋಯ್ತು, ಇವರು ಸೇರ್ಕೊಂಡ್ರು. ಕೊಡಗಿನವರು, 32 ವರ್ಷ ವಯಸ್ಸು, ಯುದ್ಧಕ್ಕೆ ಮುಂಚೆ ಬೇರೆಯವರಿಗೆ ಹಾರೋದು ಹೇಳ್ಕೊಡೋ ಇನ್‌ಸ್ಟ್ರಕ್ಟರ್ ಆಗಿದ್ದವರು. ಇನ್‌ಸ್ಟ್ರಕ್ಟರ್ ಅನ್ನೋದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ದಾಳಿ ಮುಗಿಸಿ ವಾಪಸ್ ತಿರುಗೋ ಹೊತ್ತಿಗೆ ಒಂದು ಎಫ್-104 ಸ್ಟಾರ್‌ಫೈಟರ್ ಬಂತು, ಪೈಲಟ್ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ಪಾಕಿಸ್ತಾನದ ಹತ್ರ ಒಟ್ಟು ಇದ್ದಿದ್ದೇ ಒಂದು ಡಜನ್ ಸ್ಟಾರ್‌ಫೈಟರ್, ಅಮೆರಿಕದಿಂದ ಬಂದಿದ್ದು, ಅದರ ಮೇಲೆ ಅವರಿಗೆ ವಿಪರೀತ ಹೆಮ್ಮೆ. ದೇವಯ್ಯನವರ ಮಿಸ್ಟೇರ್‌ಗೆ ಪೆಟ್ಟು ಬಿತ್ತು. ಪೆಟ್ಟು ತಿಂದ ವಿಮಾನ ಸಾಧಾರಣವಾಗಿ ಏನ್ ಮಾಡುತ್ತೆ, ನೆಲಕ್ಕೆ ಅಂಟ್ಕೊಂಡು ಮನೆ ದಿಕ್ಕಿಗೆ ಓಡುತ್ತೆ. ಇದು ಓಡ್ಲಿಲ್ಲ, ತಿರುಗಿ ನಿಂತ್ಕೊಂಡ್ತು. ಮರದ ತುದಿ ಎತ್ತರದಲ್ಲಿ ಇಬ್ರೂ ಒಬ್ಬರ ಹಿಂದೆ ಒಬ್ರು ಸುತ್ತಿದ್ರು, ಕೊನೆಗೆ ಸ್ಟಾರ್‌ಫೈಟರ್ ಬಿತ್ತು, ಅಮ್ಜದ್ ಇಜೆಕ್ಟ್ ಆಗಿ ಬದುಕಿಕೊಂಡ್ರು. ಮಿಸ್ಟೇರೂ ಬಿತ್ತು, ದೇವಯ್ಯನವರು ಉಳೀಲಿಲ್ಲ.

ಈಗ ನಿಮ್ಮ ಹುಡುಗನ ಪ್ರಶ್ನೆ. ಅವನು ಹೇಳಿದ್ದು ತಪ್ಪೇನಲ್ಲ, ಮಿಸ್ಟೇರ್ 4ಎ ಗಂಟೆಗೆ ಸುಮಾರು 1100 ಕಿಲೋಮೀಟರ್ ಹೋಗ್ತಿತ್ತು, ಡೈವ್ ಹೊಡೆದ್ರೆ ಮಾತ್ರ ಶಬ್ದದ ವೇಗ ದಾಟೋದು, ಸ್ಟಾರ್‌ಫೈಟರ್ ಮ್ಯಾಕ್ 2, ಅಂದ್ರೆ ಶಬ್ದದ ವೇಗದ ಎರಡರಷ್ಟು. ಆದ್ರೆ ಮ್ಯಾಕ್ 2 ಅನ್ನೋದು ಹತ್ತು ಹನ್ನೆರಡು ಕಿಲೋಮೀಟರ್ ಮೇಲೆ, ತೆಳು ಗಾಳಿಲಿ, ನೇರವಾಗಿ ಹೋಗುವಾಗ ಬರೋ ವೇಗ. ನೆಲದ ಹತ್ರ ಗಾಳಿ ದಪ್ಪ, ಅಲ್ಲಿ ಆ ವೇಗ ಸಿಗಲ್ಲ. ಇನ್ನೊಂದು ಏನಂದ್ರೆ ಡಾಗ್‌ಫೈಟ್ ರನ್ನಿಂಗ್ ರೇಸ್ ಅಲ್ಲ, ಯಾರು ಯಾರ ಬೆನ್ನ ಹಿಂದೆ ಹೋಗ್ತಾರೆ ಅನ್ನೋದೇ ಆಟ, ಅದಕ್ಕೆ ಬೇಕಾಗಿರೋದು ಚಿಕ್ಕ ಜಾಗದಲ್ಲಿ ತಿರುಗೋ ಶಕ್ತಿ.

ರೆಕ್ಕೆ ನೋಡಿ. ಇವೆರಡು ವಿಮಾನದ ತೂಕ ತುಂಬಿದಾಗ ಹೆಚ್ಚೂಕಡಿಮೆ ಒಂದೇ, ಎಂಟು ಟನ್ನಿನ ಆಸುಪಾಸು. ಮಿಸ್ಟೇರ್ ರೆಕ್ಕೆಯ ವಿಸ್ತೀರ್ಣ 32 ಚದರ ಮೀಟರ್, ಸ್ಟಾರ್‌ಫೈಟರ್‌ದು 18 ಚಿಲ್ರೆ, ಅಷ್ಟೆ. ಅಂದ್ರೆ ಅಷ್ಟೇ ಭಾರನ ಹೆಚ್ಚೂಕಡಿಮೆ ಅರ್ಧ ರೆಕ್ಕೆ ಮೇಲೆ ಹೊತ್ಕೊಂಡು ಹಾರ್ತಿದೆ. ಸ್ಟಾರ್‌ಫೈಟರ್ ರೆಕ್ಕೆ ಎಷ್ಟು ತೆಳು ಅಂದ್ರೆ, ನೆಲದ ಮೇಲೆ ನಿಂತಿರುವಾಗ ಕೆಲಸದವರ ಕೈ ಕಾಲು ತಲೆ ಕುಯ್ಯಬಾರದು ಅಂತ ಅದರ ಮುಂದಿನ ಅಂಚಿಗೆ ಕವರ್ ಹಾಕಿಡ್ತಿದ್ರು! ಅದನ್ನ ಮಾಡಿದ್ದೇ ಬಾಣದ ಥರ ಮೇಲಕ್ಕೆ ಹೋಗಿ, ಎತ್ತರದಲ್ಲಿ ಬರೋ ಎದುರಾಳಿ ವಿಮಾನ ಹೊಡೆದು, ಬಾಣದ ಥರ ವಾಪಸ್ ಬರೋಕೆ. ಅದನ್ನ ಮರದ ತುದಿಲಿ ಗಿರಗಿಟ್ಲೆ ಆಡ್ಸಿದ್ರೆ ರೆಕ್ಕೆ ಒಪ್ಪಲ್ಲ.

ಇದಕ್ಕೆ ಒಂದು ಸಣ್ಣ ಲೆಕ್ಕ ಇದೆ, ಹತ್ತನೇ ಕ್ಲಾಸಿನ ಮಕ್ಕಳಿಗೆ ಆರಾಮಾಗಿ ಹೇಳ್ಬಹುದು. ಅಷ್ಟೇ ಜೋರಾಗಿ ಸ್ಟಿಕ್ ಎಳೆದ್ರೂ, ವೇಗ ಎರಡರಷ್ಟಾದ್ರೆ ತಿರುವಿನ ತ್ರಿಜ್ಯ ನಾಲ್ಕರಷ್ಟಾಗುತ್ತೆ, ಯಾಕಂದ್ರೆ ವೇಗ ಅಲ್ಲಿ ವರ್ಗದಲ್ಲಿ ಕೂತಿದೆ. ಐದು ಜಿ, ಅಂದ್ರೆ ಗುರುತ್ವದ ಐದರಷ್ಟು ಬಲ, ಎಳೀತಾ ಗಂಟೆಗೆ 900 ಕಿಲೋಮೀಟರಲ್ಲಿ ಹೋಗೋ ವಿಮಾನ ಸುಮಾರು 1300 ಮೀಟರ್ ತ್ರಿಜ್ಯದಲ್ಲಿ ತಿರುಗುತ್ತೆ, ಅದೇ ಐದು ಜಿಗೆ 1100ರಲ್ಲಿ ಹೋದ್ರೆ ಎರಡು ಕಿಲೋಮೀಟರ್ ಹತ್ರ ಬೇಕು. ಬರೀ 200 ಕಿಲೋಮೀಟರ್ ಜಾಸ್ತಿಗೆ ಅಷ್ಟು ವ್ಯತ್ಯಾಸ. ಬೋರ್ಡ್ ಮೇಲೆ ಬರೆಯೋದಕ್ಕಿಂತ ಮಕ್ಕಳನ್ನ ಮೈದಾನಕ್ಕೆ ಕರ್ಕೊಂಡು ಹೋಗಿ, ಸುಣ್ಣದಲ್ಲಿ ಒಂದು ದೊಡ್ಡ ವೃತ್ತ, ಒಳಗೊಂದು ಚಿಕ್ಕ ವೃತ್ತ ಹಾಕಿ, ಜೋರಾಗಿ ಓಡೋ ಹುಡುಗನ್ನ ಹೊರಗಿನದ್ರಲ್ಲಿ ಓಡ್ಸಿ, ನಿಧಾನದವನನ್ನ ಒಳಗೆ ಬಿಡಿ. ಸ್ವಲ್ಪ ಹೊತ್ತಿಗೆ ಒಳಗಿನವನು ಹೊರಗಿನವನ ಬೆನ್ನಿಗೆ ಬಂದಿರ್ತಾನೆ, ಅದನ್ನ ನೋಡಿದ್ಮೇಲೆ ಯಾರೂ ಮತ್ತೆ ಆ ಪ್ರಶ್ನೆ ಕೇಳಲ್ಲ.

ಹಂಗಂತ ಸ್ಟಾರ್‌ಫೈಟರ್ ಪೈಲಟ್ ದಡ್ಡ ಅಂತಲ್ಲ. ಅವರ ಕೈಲಿ ಯಾವಾಗ್ಲೂ ಒಂದು ದಾರಿ ಇತ್ತು, ಆಫ್ಟರ್‌ಬರ್ನರ್ (ಇಂಜಿನ್ನಿಗೆ ಹೆಚ್ಚಿನ ನೂಕು ಕೊಡೋ ವ್ಯವಸ್ಥೆ) ಹಾಕಿ ಮೇಲಕ್ಕೆ ಹೋಗ್ಬಿಡೋದು, ಮಿಸ್ಟೇರ್ ಅಲ್ಲಿಗೆ ಹಿಂಬಾಲಿಸೋಕೇ ಆಗ್ತಿರ್ಲಿಲ್ಲ. ಅಂದ್ರೆ ಜಗಳ ಬೇಕಾ ಬೇಡ್ವಾ ಅನ್ನೋ ತೀರ್ಮಾನ ವೇಗದ ವಿಮಾನದವನದು, ಜಗಳಕ್ಕೆ ನಿಂತ್ಮೇಲೆ ಲಾಭ ತಿರುಗೋ ವಿಮಾನದವನದು. ಅಮ್ಜದ್ ನಿಂತ್ರು. ಅಲ್ಲಿ ಎದುರಿಗಿದ್ದವರು ವರ್ಷಗಟ್ಲೆ ಶಿಷ್ಯರಿಗೆ ಟರ್ನ್ ಹೇಳ್ಕೊಟ್ಟ ಇನ್‌ಸ್ಟ್ರಕ್ಟರ್. ಇದು ನನ್ನ ಅಭಿಪ್ರಾಯ, ದಾಖಲೆ ಅಲ್ಲ, ಆದ್ರೆ ಪೆಟ್ಟು ತಿಂದ ವಿಮಾನನ ಅಷ್ಟು ತಗ್ಗಲ್ಲಿ ನೆಲಕ್ಕೆ ತಾಗಿಸ್ದೆ ಒಂದರ ಮೇಲೊಂದು ಟರ್ನ್ ಎಳೆಯೋದು ಬರೀ ಧೈರ್ಯದಿಂದ ಆಗೋ ಕೆಲಸ ಅಲ್ಲ.

ಗುಂಡಿನ ವಿಷಯಾನೂ ಹೇಳ್ಬಿಡ್ತೀನಿ, ಅದು ನನ್ನ ಏರಿಯಾ. ಮಿಸ್ಟೇರ್‌ಗೆ ಎರಡು 30 ಎಂಎಂ ಡೆಫಾ ಕ್ಯಾನನ್, ಒಂದೊಂದಕ್ಕೆ 150 ಗುಂಡು. ಸಿನಿಮಾ ನೋಡಿದವರು ಫೈಟರ್ ವಿಮಾನ ನಿಮಿಷಗಟ್ಲೆ ಡಬಡಬ ಅಂತ ಹೊಡೀತಾನೇ ಇರುತ್ತೆ ಅನ್ಕೊಂಡಿರ್ತಾರೆ. ಈ ಗನ್ನುಗಳು ಸೆಕೆಂಡಿಗೆ ಇಪ್ಪತ್ತು ಗುಂಡು ನುಂಗ್ತಾವೆ ಸ್ವಾಮಿ. ಟ್ರಿಗರ್ ಒತ್ತಿ ಹಿಡಿದ್ರೆ ಏಳು ಸೆಕೆಂಡು ಚಿಲ್ರೆಗೆ ಎಲ್ಲಾ ಖಾಲಿ. ನಾನು ಕೆಲಸ ಮಾಡಿದ ಅಜೀತ್‌ಗೆ ಇನ್ನೂ ಕಮ್ಮಿ, ಒಂದೊಂದು ಗನ್ನಿಗೆ 90, ನಾಲ್ಕೂವರೆ ಸೆಕೆಂಡಿನ ಸಂಸಾರ. ನಾವು ಆ ಗುಂಡಿನ ಬೆಲ್ಟ್ ತುಂಬೋಕೆ ಅರ್ಧ ಗಂಟೆ ಒದ್ದಾಡ್ತಿದ್ವಿ. ವಿಮಾನ ಎಷ್ಟು ಪುಟ್ಟದು ಅಂದ್ರೆ ಉದ್ದ 9 ಮೀಟರ್, ರೆಕ್ಕೆ ತುದಿಯಿಂದ ತುದಿಗೆ 7 ಮೀಟರೂ ಇಲ್ಲ, ಗನ್ನುಗಳು ಗಾಳಿ ಒಳಗೆ ಹೋಗೋ ಬಾಯಿಯ ಪಕ್ಕದಲ್ಲೇ ಕೂತಿರ್ತಾವೆ. ಕೈ ಹಾಕೋಕೆ ಜಾಗ ಇರಲ್ಲ, ಬೆರಳ ಗೆಣ್ಣು ಸಿಪ್ಪೆ ಎದ್ದೋಗೋದು, ಚಳಿಗಾಲದ ಬೆಳಗ್ಗೆ ಆ ಲೋಹ ಮುಟ್ಟಿದ್ರೆ ಉರಿಯೋದು. ಬೆಲ್ಟಿನ ಒಂದು ಲಿಂಕ್ ಸ್ವಲ್ಪ ಓರೆ ಕೂತ್ರೂ ಮೇಲೆ ಹೋದ್ಮೇಲೆ ಗನ್ ಜಾಮ್. ನ್ಯಾಟ್‌ಗಳಲ್ಲಿ ಯುದ್ಧದ ಟೈಮಲ್ಲಿ ಈ ಜಾಮ್ ತಾಪತ್ರಯ ತುಂಬಾ ಇತ್ತು. ಪಾಕಿಸ್ತಾನದ ಸೇಬರ್ ಫೈಟರ್ ಎದುರಿಗೇ ಬಂದಿರುತ್ತೆ, ಟ್ರಿಗರ್ ಒತ್ತಿದ್ರೆ ಗನ್ ಸುಮ್ನೆ! ಅದಕ್ಕೇ ದೇವಯ್ಯನವರ ವಿಷಯ ಓದುವಾಗ ನಂಗೆ ಮೊದ್ಲು ನೆನಪಾಗೋದು ಆದಂಪುರದಲ್ಲಿ ಕತ್ತಲಲ್ಲಿ ಟಾರ್ಚ್ ಹಿಡ್ಕೊಂಡು ಆ ಸ್ಟ್ಯಾಂಡ್‌ಬೈ ವಿಮಾನಕ್ಕೆ ಬೆಲ್ಟ್ ತುಂಬಿದ ಯಾರೋ ಒಬ್ಬ ಫಿಟ್ಟರ್. ಸ್ಟ್ಯಾಂಡ್‌ಬೈ ತಾನೆ, ಹೋಗಲ್ಲ ಬಿಡು ಅಂತ ಅವನು ಅಸಡ್ಡೆ ಮಾಡಿದ್ರೆ ಈ ಕಥೆನೇ ಇರ್ತಿರ್ಲಿಲ್ಲ.

ಇನ್ನು 23 ವರ್ಷದ ಪ್ರಶ್ನೆ. ಸರ್ಕಾರ ಮರೆತುಬಿಡ್ತು, ದಕ್ಷಿಣದವರು ಅಂತ ತಾತ್ಸಾರ ಮಾಡಿದ್ರು ಅಂತೆಲ್ಲಾ ವಾಟ್ಸಾಪಲ್ಲಿ ಓಡಾಡುತ್ತೆ, ಅದನ್ನ ಮಕ್ಕಳಿಗೆ ಹೇಳೋಕೆ ಹೋಗ್ಬೇಡಿ. ನಿಜ ವಿಷಯ ಅಂದ್ರೆ ಆ ಹೊತ್ತಲ್ಲಿ ನಮ್ಮ ಕಡೆ ಯಾರಿಗೂ ಏನ್ ನಡೀತು ಅಂತಾನೇ ಗೊತ್ತಿರ್ಲಿಲ್ಲ. ಫಾರ್ಮೇಶನ್ ದಾಳಿ ಮುಗಿಸಿ ಚದುರಿಕೊಂಡು ವಾಪಸ್ ಬರ್ತಿದೆ, ಎಲ್ಲರ ಕಣ್ಣು ಮುಂದೆ, ನೆಲ, ಇಂಧನ, ದಿಕ್ಕು ಇಷ್ಟೇ. ಇಳಿದು ಎಣಿಸಿದ್ರೆ ಒಂದು ಕಮ್ಮಿ. ದಾಖಲೆಲಿ ಮಿಸ್ಸಿಂಗ್ ಅಂತ ಬರ್ಕೊಂಡ್ರು. ಪದಕ ಕೊಡ್ಬೇಕಾದ್ರೆ ಸೈಟೇಶನ್ ಬೇಕು, ಅಂದ್ರೆ ಏನ್ ಮಾಡಿದ್ರು ಅನ್ನೋ ಬರಹ, ಸೈಟೇಶನ್‌ಗೆ ನೋಡಿದವರು ಬೇಕು. ನೋಡಿದವನು ಒಬ್ಬನೇ, ಆ ಒಬ್ಬನೂ ಎದುರಾಳಿ.

ಇದನ್ನ ನಿರ್ಮಲ್ ಜಿತ್ ಸಿಂಗ್ ಸೆಖೋನ್ ಅವರ ಜೊತೆ ಹೋಲಿಸಿ ನೋಡಿ. 1971, ಡಿಸೆಂಬರ್ 14, ಶ್ರೀನಗರ. ಆರು ಸೇಬರ್ ಬಂದು ರನ್‌ವೇ ಮೇಲೆ ಬಾಂಬ್ ಹಾಕ್ತಿರುವಾಗಲೇ ಇವರು ನ್ಯಾಟ್ ಎಬ್ಬಿಸಿಕೊಂಡು ಹೋದ್ರು, ಒಬ್ಬರೇ ಅಷ್ಟೂ ವಿಮಾನಗಳ ಮೇಲೆ ಬಿದ್ರು, ಕೊನೆಗೆ ಅವರ ವಿಮಾನಾನೇ ಬಿತ್ತು. ಪರಮವೀರ ಚಕ್ರ ಬಂತು, ಏರ್‌ಫೋರ್ಸಲ್ಲಿ ಅದು ಬಂದಿರೋದು ಅವರೊಬ್ರಿಗೇ. ಅದಕ್ಕೆ 23 ವರ್ಷ ಬೇಕಾಗ್ಲಿಲ್ಲ, ಯಾಕಂದ್ರೆ ಅದೆಲ್ಲಾ ನಡೆದಿದ್ದು ನಮ್ಮದೇ ಏರ್‌ಫೀಲ್ಡ್ ನೆತ್ತಿ ಮೇಲೆ, ಕೆಳಗೆ ನಿಂತವರು ನೋಡಿದಾರೆ, ರೇಡಿಯೋಲಿ ಕೇಳಿದಾರೆ. ದೇವಯ್ಯನವರು ಕಾದಾಡಿದ್ದು ಗಡಿ ಆಚೆ, ನಮ್ಮವರು ಯಾರೂ ಇಲ್ಲದ ಹೊಲದ ಮೇಲೆ. ಎರಡೂ ಕಡೆ ಧೈರ್ಯಕ್ಕೆ ಕಮ್ಮಿ ಇಲ್ಲ, ವ್ಯತ್ಯಾಸ ಇರೋದು ನೋಡೋ ಕಣ್ಣಲ್ಲಿ.

ಹಿಂದಿನ ಯುದ್ಧಗಳಲ್ಲೂ ಈ ಸಾಕ್ಷಿ ತಲೆನೋವು ಇದ್ದಿದ್ದೇ. ಎರಡನೇ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಹರಿಕೇನ್, ಸ್ಪಿಟ್‌ಫೈರ್‌ಗಳ ರೆಕ್ಕೆಲಿರೋ ಗನ್ನಿನ ತೂತಿಗೆ ಬಟ್ಟೆ ತುಂಡು ಅಂಟಿಸಿ ಕಳಿಸ್ತಿದ್ರು, ಧೂಳು ತೇವ ಹೋಗ್ಬಾರದು ಅಂತ. ಗುಂಡು ಹಾರಿಸಿದ್ರೆ ಆ ಬಟ್ಟೆ ಹರಿದು, ವಾಪಸ್ ಬರುವಾಗ ತೂತಿಗೆ ಗಾಳಿ ಹೊಕ್ಕು ಸಿಳ್ಳೆ ಹೊಡೀತಿತ್ತು, ಕೆಳಗಿದ್ದ ನಮ್ಮಂಥ ಫಿಟ್ಟರ್‌ಗಳಿಗೆ ವಿಮಾನ ಇಳಿಯೋಕೆ ಮುಂಚೇನೇ ಇವತ್ತು ಕಾಳಗ ಆಗಿದೆ ಅಂತ ಗೊತ್ತಾಗೋದು. ಗುಂಡು ಹಾರಿದ್ದು ಗೊತ್ತಾಯ್ತು, ಬಿದ್ದಿದ್ದೆಷ್ಟು? 1940ರ ಸೆಪ್ಟೆಂಬರ್ 15ರಂದು ಬ್ರಿಟಿಷರು 185 ಜರ್ಮನ್ ವಿಮಾನ ಬೀಳಿಸಿದ್ವಿ ಅಂದ್ರು, ಯುದ್ಧ ಮುಗಿದ್ಮೇಲೆ ಜರ್ಮನ್ ದಾಖಲೆ ತೆಗೆದು ನೋಡಿದ್ರೆ 60ರ ಹತ್ರ. ಸುಳ್ಳು ಹೇಳಿದ್ರು ಅಂತಲ್ಲ, ಒಂದೇ ವಿಮಾನಕ್ಕೆ ಮೂರು ಜನ ಹೊಡೆದಿರ್ತಾರೆ, ಮೂರು ಜನಾನೂ ನಂದೇ ಅಂತಾರೆ, ಹೊಗೆ ಬಿಟ್ಕೊಂಡು ಕೆಳಗೆ ಹೋಗಿದ್ದು ಬಿತ್ತು ಅನ್ಕೋತಾರೆ, ಅದು ಮೋಡದ ಕೆಳಗೆ ಸಾವರಿಸಿಕೊಂಡು ಮನೆಗೆ ಹೋಗಿರುತ್ತೆ.

ನಮ್ಮಲ್ಲೂ ಅದೇ. 1965ರ ಸೆಪ್ಟೆಂಬರ್ 3ಕ್ಕೆ ಟ್ರೆವರ್ ಕೀಲರ್ ನ್ಯಾಟಲ್ಲಿ ಮೊದಲ ಸೇಬರ್ ಬೀಳಿಸಿದ್ರು ಅಂತ ದೊಡ್ಡ ಸಂಭ್ರಮ ಆಯ್ತು, ವೀರ ಚಕ್ರ ಬಂತು, ಅವರ ಅಣ್ಣ ಡೆಂಜಿಲ್‌ಗೂ ಅದೇ ಯುದ್ಧದಲ್ಲಿ ವೀರ ಚಕ್ರ ಬಂತು. ಕೀಲರ್ ಹೊಡೆದ ಆ ಸೇಬರ್ ಚೆನ್ನಾಗಿ ಪೆಟ್ಟು ತಿಂದು, ಕುಂಟ್ಕೊಂಡು ಹೋಗಿ ಸರ್ಗೋಧಾದಲ್ಲಿ ಇಳೀತು ಅಂತ ಆಮೇಲೆ ಗೊತ್ತಾಯ್ತು. ಇದನ್ನ ಹೇಳಿದ್ರೆ ಕೆಲವರಿಗೆ ಸಿಟ್ಟು ಬರುತ್ತೆ. ಯಾಕೆ ಸಿಟ್ಟು? ಅಲ್ಲಿವರೆಗೆ ಎಲ್ರೂ ಹೆದರ್ತಿದ್ದ ಸೇಬರ್ ಮುಂದೆ ಅಷ್ಟು ಚಿಕ್ಕ ವಿಮಾನ ತಗೊಂಡು ಹೋಗಿ ಗುಂಡು ತಾಗಿಸಿದ್ದು ನಿಜಾನೇ ಅಲ್ವಾ. ಆ ಕಡೆ ನೋಡಿದ್ರೆ, ದೇವಯ್ಯನವರು ಹೋದ ಅದೇ ಸೆಪ್ಟೆಂಬರ್ 7ರಂದು ಅದೇ ಸರ್ಗೋಧಾ ಹತ್ರ ಎಂ.ಎಂ. ಆಲಂ ಅನ್ನೋ ಪಾಕಿಸ್ತಾನಿ ಪೈಲಟ್ ಒಂದು ನಿಮಿಷದೊಳಗೆ ನಮ್ಮ ಐದು ಹಂಟರ್ ಫೈಟರ್ ವಿಮಾನ ಬೀಳಿಸಿದ್ರು ಅಂತ ಅವರು ಹೇಳ್ತಾರೆ, ನಮ್ಮ ದಾಖಲೆ ಅದನ್ನ ಒಪ್ಪಲ್ಲ. ಹೊಡೆದವನ ಬಾಯಿಂದ ಬಂದ ಲೆಕ್ಕನ ಕಳ್ಕೊಂಡವನ ಪುಸ್ತಕದಲ್ಲಿ ಚೆಕ್ ಮಾಡ್ಬೇಕು, ನಾನು ಇಟ್ಕೊಂಡಿರೋ ನಿಯಮ ಇಷ್ಟೇ, ಎರಡೂ ದೇಶಕ್ಕೆ ಒಂದೇ ತಕ್ಕಡಿ.

ಆ ತಕ್ಕಡಿಲಿ ದೇವಯ್ಯನವರ ಕಥೆ ಇಟ್ಟು ನೋಡಿ, ಇಲ್ಲೇ ಇರೋದು ಅದರ ತೂಕ. ಇಲ್ಲಿ ಕ್ಲೇಮ್ ಮಾಡೋಕೆ ಹೊಡೆದವರೇ ಇಲ್ಲ. ಸ್ಟಾರ್‌ಫೈಟರ್ ಬಿತ್ತು ಅಂತ ಹೇಳಿದ್ದು ಕಳ್ಕೊಂಡವರು. 1979ರಲ್ಲಿ ಒಬ್ಬ ಬ್ರಿಟಿಷ್ ಲೇಖಕ, ಪಾಕಿಸ್ತಾನ ಏರ್‌ಫೋರ್ಸಿನವರ ಜೊತೆ ಮಾತಾಡಿ ಬರ್ದಿದ್ದ ಪುಸ್ತಕ ಬಂತು, ಅದರಲ್ಲಿ ಸರ್ಗೋಧಾ ದಾಳಿಯ ದಿನ ಒಂದು ಮಿಸ್ಟೇರ್ ತಿರುಗಿ ಬಿದ್ದು ಅಮ್ಜದ್ ಹುಸೇನ್ ಅವರ ಸ್ಟಾರ್‌ಫೈಟರ್ ಜೊತೆ ಕಾದಾಡಿ ಅದನ್ನ ಹೊಡೀತು ಅಂತ ಇತ್ತು. ಮಿಸ್ಟೇರ್ ಪೈಲಟ್ ಯಾರು ಅಂತ ಅವರಿಗೂ ಗೊತ್ತಿರ್ಲಿಲ್ಲ. ಇಲ್ಲಿ ಓದಿದವರು ಎಣಿಸಿ ನೋಡಿದ್ರು, ಆ ದಾಳಿಯಿಂದ ವಾಪಸ್ ಬರದೇ ಇದ್ದ ಮಿಸ್ಟೇರ್ ಒಂದೇ. ಅವತ್ತು ಲೀಡ್ ಮಾಡಿದ್ದ ತನೇಜಾ ಅವರೇ ಆ ದಿನದ ವಿವರ ಎಲ್ಲಾ ಜೋಡಿಸಿ ವಿಷಯನ ಏರ್‌ಫೋರ್ಸ್ ಮುಂದಿಟ್ರು, ಆಮೇಲೆ ಫೈಲು ಅದರ ವೇಗದಲ್ಲಿ ಓಡಾಡಿ 1988ರಲ್ಲಿ ಮಹಾವೀರ ಚಕ್ರ ಬಂತು, ಅವರ ಪತ್ನಿ ತಗೊಂಡ್ರು. ಏರ್‌ಫೋರ್ಸಲ್ಲಿ ಮರಣೋತ್ತರವಾಗಿ ಮಹಾವೀರ ಚಕ್ರ ಬಂದಿರೋದು ಅವರೊಬ್ರಿಗೆ. 1965ರಿಂದ 1979ರವರೆಗೆ, ಹದಿನಾಲ್ಕು ವರ್ಷ, ಮನೆಯವರಿಗೆ ಮಿಸ್ಸಿಂಗ್ ಅನ್ನೋದು ಬಿಟ್ರೆ ಬೇರೆ ಏನೂ ಗೊತ್ತಿರ್ಲಿಲ್ಲ, ಅದನ್ನ ಒಂದು ಸಲ ಯೋಚ್ನೆ ಮಾಡಿ.

ಇನ್ನು ಆ ಬೇರೆ ಕಥೆ. ಪಾಕಿಸ್ತಾನದ ಒಂದು ವಿವರಣೆ ಪ್ರಕಾರ ಮಿಸ್ಟೇರ್ ಗಾಳಿಲೇ ಸಿಡಿದು, ಅದರ ಚೂರಿಗೆ ಸಿಕ್ಕಿ ಸ್ಟಾರ್‌ಫೈಟರ್ ಬಿತ್ತು. ಎರಡಕ್ಕೂ ಡಿಕ್ಕಿ ಆಯ್ತು ಅನ್ನೋರೂ ಇದಾರೆ. ಮಿಸ್ಟೇರ್‌ನ 30 ಎಂಎಂ ಗುಂಡು ತಾಗಿದ್ದೇ ಕಾರಣ ಅನ್ನೋದು ನಮ್ಮ ಕಡೆಯ ತೀರ್ಮಾನ, ಆ ಪುಸ್ತಕದಲ್ಲಿ ಬಂದಿದ್ದೂ ಅದೇ, ನಾನೂ ಅದನ್ನೇ ನಂಬ್ತೀನಿ. ಮಕ್ಕಳಿಗೆ ಎರಡನ್ನೂ ಹೇಳಿ, ಮುಚ್ಚಿಡೋ ಅಂಥದ್ದು ಏನಿಲ್ಲ. ಮಿಸ್ಟೇರ್ ಓಡಿಹೋಗದೆ ತಿರುಗಿ ನಿಂತ್ಕೊಂಡ್ತು ಅನ್ನೋದು ಪಾಕಿಸ್ತಾನದವರ ಜೊತೆ ಮಾತಾಡಿ ಬರ್ದ ಆ ಪುಸ್ತಕದಲ್ಲೇ ಇದೆ. ಆ ಟರ್ನ್ ಎಳೆದ ಕ್ಷಣಕ್ಕೆ ಅವರಿಗೆ ಇಂಧನದ ಲೆಕ್ಕ ಗೊತ್ತಿತ್ತು, ತಗ್ಗಲ್ಲಿ ಫುಲ್ ಥ್ರಾಟಲ್ ಹಾಕಿ ಸುತ್ತಿದ್ರೆ 300 ಕಿಲೋಮೀಟರ್ ವಾಪಸ್ ಹೋಗೋಕೆ ಸಾಲಲ್ಲ ಅಂತ ಒಬ್ಬ ಇನ್‌ಸ್ಟ್ರಕ್ಟರ್‌ಗೆ ಬೇರೆ ಯಾರೂ ಹೇಳ್ಕೊಡ್ಬೇಕಾಗಿಲ್ಲ.

ಕೊನೆದಾಗಿ ಫೋಟೋ ವಿಷಯ, ಇದು ಸಣ್ಣದು ಅನ್ಸುತ್ತೆ ಆದ್ರೆ ನಂಗೆ ಬಹಳ ಕಿರಿಕಿರಿ. ಒಂದು ಕಾರ್ಯಕ್ರಮಕ್ಕೆ ಹೋಗಿದ್ದೆ, ಬ್ಯಾನರಲ್ಲಿ ದೇವಯ್ಯನವರ ಪಕ್ಕ ಸೇಬರ್ ಚಿತ್ರ ಹಾಕಿದ್ರು, ಅಂದ್ರೆ ಎದುರಾಳಿ ವಿಮಾನ! ಇನ್ನೊಂದು ಕಡೆ ಮಿರಾಜ್ 2000 ಹಾಕಿದ್ರು, ಅದು ನಂಬರ್ 1 ಸ್ಕ್ವಾಡ್ರನ್ ಈಗ ಹಾರ್ಸೋ ವಿಮಾನ ಹೌದು, 65ರಲ್ಲಿ ಅದು ಹುಟ್ಟೇ ಇರ್ಲಿಲ್ಲ. ನೆಟ್ಟಲ್ಲಿ ಹುಡುಕುವಾಗ ಹೀಗೆ ಗುರುತು ಹಿಡೀರಿ. ರೆಕ್ಕೆ ತ್ರಿಕೋನ ಇದ್ರೆ ಮಿರಾಜ್, ಬಿಟ್ಬಿಡಿ. ಗಾಳಿ ಹೋಗೋ ಬಾಯಿ ರೆಕ್ಕೆ ಬುಡದಲ್ಲಿದ್ರೆ ಹಂಟರ್. ಬಾಯಿ ಮೂಗಲ್ಲೇ ಇದ್ದು ರೆಕ್ಕೆ ಹಿಂದಕ್ಕೆ ಬಾಗಿದ್ರೆ ಅದು ಮಿಸ್ಟೇರೂ ಆಗಿರ್ಬಹುದು ಸೇಬರೂ ಆಗಿರ್ಬಹುದು, ಅಲ್ಲೇ ಎಲ್ರೂ ಎಡವೋದು. ಆಗ ಬಾಲ ನೋಡಿ. ಅಡ್ಡ ರೆಕ್ಕೆ ಬಾಲದ ಬುಡದಲ್ಲಿ, ಮೈಗೆ ಅಂಟ್ಕೊಂಡಿದ್ರೆ ಸೇಬರ್, ನೆಟ್ಟಗೆ ನಿಂತಿರೋ ಬಾಲದ ಮಧ್ಯಕ್ಕೆ ಏರಿ ಕೂತಿದ್ರೆ ಮಿಸ್ಟೇರ್. ಡೆಲ್ಲಿಲಿ ಪಾಲಂನ ಏರ್‌ಫೋರ್ಸ್ ಮ್ಯೂಸಿಯಂನಲ್ಲಿ ಒಂದು ಇಟ್ಟಿದಾರೆ, ಅದರದ್ದೇ ಫೋಟೋ ಸಿಗುತ್ತೆ, ಅದನ್ನ ಹಾಕಿ.